ನಕ್ಷೆಯ ಮೂಲೆಯ ಲೋಟ

ಶಿಡ್ಲಘಟ್ಟದ ಚೆನ್ನರಾಯಪ್ಪನವರ ಲೇತ್ ವರ್ಕ್‌ಶಾಪಿಗೆ ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಬಂದದ್ದೇನೋ ಹೌದು. ಆದರೆ ಅದರ ಮೇಜಿನ ಮೇಲೆ ಬೋಲ್ಟಿನ ಡಬ್ಬಗಳು, ಯಜಮಾನರ ಟವೆಲ್ಲು ಕೂರುತ್ತಿದ್ದವೇ ಹೊರತು ಮುಂದಿನ ಕುರ್ಚಿಯಲ್ಲಿ ಒಂದು ನರಪಿಳ್ಳೆಯೂ ಕೂತದ್ದಿಲ್ಲ. ಈಗ ತನುಜ ಕೂತಿದ್ದಳು. ಮೂವತ್ತಾರರ ಹೆಂಗಸು. ಹದಿನಾಲ್ಕು ವರ್ಷ ಬಿಸಿನೀರಿನ ಬೇಸಿನ್ನಿಗೆ ಕೈ ಇಳಿಸಿ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಯೆಲ್ಲ ಬೆಂದು ಬಿಳಿಚಿಕೊಂಡಿತ್ತು. ಸಾಕಪ್ಪಾ ಸಾಕು ಅಂತ ಆರು ತಿಂಗಳು ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಓಡಾಡಿ, ಕಂಪ್ಯೂಟರಿನಲ್ಲಿ ಯಂತ್ರದ ನಕ್ಷೆ ಬರೆಯುವುದನ್ನು ಕಲಿತು ಬಂದಿದ್ದಳು.

"ನಂಗ್ಯಾಕಮ್ಮ ನಕ್ಷೆ? ಮೂವತ್ತು ವರ್ಷದಿಂದ ಕಣ್ಣಳತೇಲೇ ಮಾಡ್ತಾ ಇದ್ದೀನಿ" ಎಂದಿದ್ದರು ಚೆನ್ನರಾಯಪ್ಪ. "ಆಯ್ತು, ಒಂದು ತಿಂಗ್ಳು ನೋಡಣ. ನಿನ್ನ ನಕ್ಷೆ ಹಿಡ್ಕೊಂಡು ಮಾಡಿದ್ದು ಒಂದಾದ್ರೂ ಸರಿಯಾಗಿ ಕೂತ್ರೆ ಈ ಕುರ್ಚಿ ನಿಂದು. ಇಲ್ಲಾಂದ್ರೆ ವಾಪಸ್ ಬೇಸಿನ್ನಿಗೆ."

ಇಪ್ಪತ್ತೆಂಟು ದಿನ ಕಳೆದವು. ಒಂದೇ ಒಂದು ನಕ್ಷೆಯನ್ನೂ ಕೇಳಲಿಲ್ಲ. ಪುಣ್ಯಾತ್ಮರು ಕೇಳಿದ್ದೆಲ್ಲ ಟೀ.

ಇಪ್ಪತ್ತೊಂಬತ್ತನೆಯ ದಿನ ಬೆಳಗ್ಗೆ ವರಲಕ್ಷ್ಮಮ್ಮ ದುಮುಗುಡುತ್ತಾ ಬಂದರು. ನೂಲು ಬಿಚ್ಚುವ ಘಟಕದ ಒಡತಿ. ತನುಜ ಹದಿನಾಲ್ಕು ವರ್ಷ ದುಡಿದದ್ದು ಅವರಲ್ಲೇ. ಕೈಯಲ್ಲಿದ್ದ ಕಬ್ಬಿಣದ ತೋಳನ್ನು ಮೇಜಿನ ಮೇಲೆ ದಡ್ಡೆಂದು ಕುಕ್ಕಿದರು. ರಾಟೆಯ ಮೇಲೆ ನೂಲನ್ನು ಅತ್ತಿಂದಿತ್ತ ಓಡಾಡಿಸುವ ತೋಳು ಅದು.

"ಎರಡ್ನೇ ಸಲ ಕಣಪ್ಪ ಚೆನ್ನರಾಯಪ್ಪ! ಮತ್ತೆ ಕೂರ್ತಿಲ್ಲ. ಬೋಲ್ಟು ಹಾಕೋ ಕಿವಿ ಹಿಂದಕ್ಕೆ ಬಂದಿದೆ. ತಿರುಗಿಸಿ ಹಾಕಿದ್ರೆ ಕಿವಿ ಮುಂದಕ್ಕೆ ಬರುತ್ತೆ, ತೋಳೇ ಬಲಕ್ಕೆ ಹೋಗುತ್ತೆ. ಹತ್ತು ದಿನದಿಂದ ಮಿಷಿನ್ನು ನಿಂತಿದೆ, ಹೆಂಗಸರೆಲ್ಲ ಕೈಕಟ್ಕೊಂಡು ಕೂತಿದ್ದಾರೆ. ನಾಳೆ ಬೆಂಗಳೂರಿಗೇ ತಗೊಂಡು ಹೋಗ್ತೀನಿ."

"ಮುರಿದ ಹಳೇ ತೋಳು ಕೊಟ್ಟಿದ್ರೆ ಕಣ್ಮುಚ್ಕೊಂಡು ಮಾಡ್ತಿದ್ದೆ!" ಚೆನ್ನರಾಯಪ್ಪನವರೂ ಬಿಡಲಿಲ್ಲ. "ಅದನ್ನ ಹಳೇ ಕಬ್ಬಿಣದವ್ನಿಗೆ ಹಾಕಿ ಈರುಳ್ಳಿ ತಗೊಂಡೋರು ಯಾರಕ್ಕಾ?"

ವರಲಕ್ಷ್ಮಮ್ಮ ಸೆರಗು ಬೀಸಿಕೊಳ್ಳುತ್ತಾ ಬಾಗಿಲ ಕಡೆ ನೋಡಿದರು.

ಉಳಿದಿದ್ದದ್ದು ಯಂತ್ರದ ಜೊತೆ ಹೊರದೇಶದಿಂದ ಬಂದಿದ್ದ ಹಾಳೆಯೊಂದೇ. ಅದೂ ಜೆರಾಕ್ಸಿನ ಜೆರಾಕ್ಸು. ತುಂಡು ಗೆರೆ ಯಾವುದು, ಪೂರ್ತಿ ಗೆರೆ ಯಾವುದು ಒಂದೂ ತಿಳಿಯದಷ್ಟು ಮಸಿ. ತನುಜ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಕೆಳಗಿನ ಬಲಮೂಲೆಯಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ಒಂದು ಗುರುತು, ಎಡಕ್ಕೆ ಒಂದರೊಳಗೊಂದು ಎರಡು ವೃತ್ತ, ಬಲಕ್ಕೆ ಅಡ್ಡ ಮಲಗಿದ ಲೋಟದಂಥ ಚಿತ್ರ. ನೋಡಿದ್ದೇ ತಡ, ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು.

ಚಿಕ್ಕಬಳ್ಳಾಪುರದಲ್ಲಿ ಕವಿತ ಮೇಡಂ ತರಗತಿಯ ಮೊದಲ ದಿನವೇ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ್ದರು. "ಬದಿಯಿಂದ ನೋಡಿದ್ರೆ ಲೋಟ. ತಳದ ಕಡೆಯಿಂದ ನೋಡಿದ್ರೆ ಒಂದರೊಳಗೊಂದು ಎರಡು ವೃತ್ತ. ನಕ್ಷೆ ಸಿಕ್ಕಿದ್ರೆ ಮೊದ್ಲು ಮೂಲೆ ನೋಡಿ, ಲೋಟ ಯಾವ ಕಡೆ ಇದೆ ಅಂತ."

ಹೇಳಿದರೆ ಯಜಮಾನರಿಗೆ ಕೋಪ. ಹೇಳದಿದ್ದರೆ ನಾಡಿದ್ದು ಬೇಸಿನ್ನು. ಕೋಪವೇ ವಾಸಿ ಎನಿಸಿತು ತನುಜಳಿಗೆ.

"ಅಣ್ಣಾ, ಕೈಕೆಲಸದಲ್ಲಿ ತಪ್ಪಿಲ್ಲ. ಓದಿದ್ದು ಉಲ್ಟಾ ಆಗಿದೆ."

"ಏಮ್ಮಾ, ನಂಗೇ ಹೇಳ್ಕೊಡ್ತೀಯಾ?"

ಅವರು ಕುಡಿದಿಟ್ಟ ಟೀ ಲೋಟವನ್ನೇ ತನುಜ ಅಡ್ಡ ಮಲಗಿಸಿದಳು. "ನಮ್ಮ ಕಡೆ, ಎಡದಿಂದ ನೋಡಿದ್ದನ್ನ ಬಲಕ್ಕೆ ಬರೀತಾರೆ. ಈ ನಕ್ಷೆ ಬರೆದೋರು ಬಲದಿಂದ ನೋಡಿದ್ದನ್ನ ಬಲಕ್ಕೇ ಬರೀತಾರೆ. ನಮ್ಮದಾಗಿದ್ರೆ ಈ ಗುರುತಲ್ಲಿ ಲೋಟ ಎಡಕ್ಕಿರ್ಬೇಕಿತ್ತು. ನೋಡಿ, ಬಲಕ್ಕಿದೆ. ನೀವು ನಮ್ಮ ಲೆಕ್ಕದಲ್ಲಿ ಓದಿದ್ರಿ, ಮುಂದಕ್ಕೆ ಬರ್ಬೇಕಾದ ಕಿವಿ ಹಿಂದಕ್ಕೆ ಹೋಯ್ತು."

ಚೆನ್ನರಾಯಪ್ಪ ಕನ್ನಡಕ ಏರಿಸಿ ಮೂಲೆ ನೋಡಿದರು. ಲೋಟ ನೋಡಿದರು. ಮತ್ತೆ ಮೂಲೆ ನೋಡಿದರು. ಮೂವತ್ತು ವರ್ಷದ ಕಣ್ಣಳತೆಗೆ ಉಗುರಗಲದ ಗುರುತು ಕಾಣದೇ ಹೋಗಿತ್ತು. ಪಾಪ, ಒಪ್ಪಿಕೊಳ್ಳಲು ಅವರಿಗೆ ಕಷ್ಟವಾಯಿತು.

"ಬರಿ. ಈಗ್ಲೇ ಬರಿ" ಎಂದರು ಕೊನೆಗೆ.

ತನುಜ ಬರೆದಳು. ಪರದೆಯ ಮೇಲೆ ತೋಳನ್ನು ಎಬ್ಬಿಸಿ ನಿಲ್ಲಿಸಿ, ಸುತ್ತಲೂ ತಿರುಗಿಸಿ ತೋರಿಸಿದಾಗ ವರಲಕ್ಷ್ಮಮ್ಮ "ಅಯ್ಯೋ, ಅದೇ ಕಣೇ ನಮ್ದು!" ಎಂದು ಕೂಗಿದರು. ಕಾಣುವ ಅಂಚಿಗೆ ದಪ್ಪ ಗೆರೆ, ಮರೆಯ ಅಂಚಿಗೆ ತುಂಡು ಗೆರೆ, ತೂತಿನ ನಡುವೆ ಉದ್ದ ಗಿಡ್ಡ ಗೆರೆ, ಎಲ್ಲಕ್ಕೂ ಅಳತೆ. ಈ ಸಲ ಮೂಲೆಯಲ್ಲಿ ಲೋಟ ಎಡಕ್ಕಿತ್ತು. ನಕ್ಷೆಯ ಅಡಿಯ 'ಬರೆದವರು' ಎಂಬ ಚೌಕಕ್ಕೆ ಅವಳ ಬೆರಳು ಹೋದಾಗ ಚೆನ್ನರಾಯಪ್ಪ ತಡೆದರು.

"ಹೆಸರು ಗಿಸರು ಆಮೇಲೆ. ಮೊದ್ಲು ಕೂರ್ಲಿ."

ಅವಳು ಆ ಚೌಕವನ್ನು ಖಾಲಿ ಬಿಟ್ಟಳು.

ಮರುದಿನ ಮಧ್ಯಾಹ್ನ, ಆ ನಕ್ಷೆಯಂತೆ ಮಾಡಿದ ಹೊಸ ತೋಳು ಹಿಡಿದು ಮೂವರೂ ಘಟಕಕ್ಕೆ ಹೋದರು. ಬೇಸಿನ್ನಿಗೆ ಗೂಡು ಹಾಕಿ ಎಳೆ ಹುಡುಕಿಟ್ಟಿದ್ದ ತನುಜಳ ಹಳೆಯ ಜೊತೆಗಾತಿಯರೆಲ್ಲ ಸುತ್ತ ನೆರೆದರು. ಚೆನ್ನರಾಯಪ್ಪ ತೋಳನ್ನು ಇಟ್ಟರು. ಸುತ್ತಿಗೆ ಕೇಳಲಿಲ್ಲ, ಅರ ಕೇಳಲಿಲ್ಲ. ಬೆರಳಲ್ಲಿ ಒತ್ತಿದ್ದಕ್ಕೇ ಕೂತಿತು. ಬೋಲ್ಟು ಬಿಗಿದು ಸ್ವಿಚ್ ಹಾಕಿದರು. ರಾಟೆ ತಿರುಗಿತು, ತೋಳು ಆಡಿತು, ನೂಲು ಅಂಚಿನಿಂದ ಅಂಚಿಗೆ ಹೊಳೆಯುತ್ತಾ ಸುತ್ತಿಕೊಂಡಿತು.

"ನಮ್ ತನುಜ ಕಣ್ರೇ!" ಎಂದು ಕದಿರಮ್ಮ ಬೇಸಿನ್ನಿನ ಪಕ್ಕದಿಂದಲೇ ಸೂರು ಹಾರುವಂತೆ ಕಿರುಚಿದಳು. ಒದ್ದೆ ಕೈಗಳೆಲ್ಲ ಚಪ್ಪಾಳೆ ತಟ್ಟಿದವು, ನೀರು ಸಿಡಿಯಿತು. ತನುಜಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ಅವಳು ತಡೆಯಲಿಲ್ಲ.

ವರ್ಕ್‌ಶಾಪಿಗೆ ಮರಳಿದ ಚೆನ್ನರಾಯಪ್ಪ ಮೇಜಿನಿಂದ ಬೋಲ್ಟಿನ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಟವೆಲ್ಲಿನಿಂದ ಕುರ್ಚಿ ಒರೆಸಿದರು.

"ಕೂತ್ಕೊಳಮ್ಮ. ಆ ಖಾಲಿ ಚೌಕ ಇದೆಯಲ್ಲ, ಅಲ್ಲಿ ನಿನ್ನ ಹೆಸರು ಬರಿ. ಇಡೀ ಹಾಳೆ ತುಂಬ ಕಾಣ್ಬೇಕು, ಅಷ್ಟು ದೊಡ್ಡದಾಗಿ ಬರಿ."

"ಅಷ್ಟು ದೊಡ್ಡದಾಗಿ ಬರೆಯೋ ಹಾಗಿಲ್ಲ ಅಣ್ಣಾ" ಎಂದಳು ತನುಜ. "ಅಕ್ಷರಕ್ಕೂ ಅಳತೆ ಇದೆ. ಮೂರೂವರೆ ಮಿಲಿಮೀಟರ್."

ಬೆಂದ ಬೆರಳಿನಿಂದ ಒಂದೊಂದೇ ಕೀಲಿ ಒತ್ತಿ, ಸರಿಯಾಗಿ ಅಷ್ಟೇ ಎತ್ತರಕ್ಕೆ, ತನ್ನ ಹೆಸರು ಬರೆದಳು.