ದೂತ ಪೂರ್ತಿ ಹೇಳಬೇಕು

ಸುದ್ದಿ ಬಂದ ದಿನ ಕಾರ್ತಿಕ ಸೋಮವಾರ. ಸೋಮವಾರ ಬಿಲ್ವಪತ್ರೆ ಬಿಡಿಸಬಾರದೆಂದು ನಿವೃತ್ತ ಮೇಷ್ಟ್ರು ಏಕಾಂತಯ್ಯನವರು ಹಿಂದಿನ ದಿನವೇ ಬಿಡಿಸಿಟ್ಟಿದ್ದರು. ವಿದ್ಯಾರಣ್ಯಪುರಂನ ತಮ್ಮ ಮನೆಯ ಹಿತ್ತಲಲ್ಲಿ ಮಧ್ಯಾಹ್ನ ಕೂತು, ಸಂಜೆಯ ಪೂಜೆಗೆಂದು ಒಂದೊಂದೇ ದಳವನ್ನು ತೊಳೆದು ತಟ್ಟೆಗೆ ಹಾಕುತ್ತಿದ್ದಾಗ ಅಡಿಗೆಮನೆಯ ಕಟ್ಟೆಯ ಮೇಲೆ ಫೋನು ಬಡಿದುಕೊಂಡಿತು.

"ಸರ್, ನಾನು ಶಿವಕಿರಣ್. ಮೇಡಂ ಮಾತಾಡ್ತಾ ಮಾತಾಡ್ತಾ ಕುಸಿದ್ಬುಟ್ರು. ಇಲ್ಲೇ ಗೋಕುಲಂ ಆಸ್ಪತ್ರೆಗೆ ಕರ್ಕೊಂಡ್ ಬಂದಿದೀವಿ. ಸ್ವಲ್ಪ ಸೀರಿಯಸ್ಸು ಸರ್. ಬೇಗ ಬನ್ನಿ."

ಮೇಡಂ ಎಂದರೆ ಏಕಾಂತಯ್ಯನವರ ಒಬ್ಬಳೇ ತಂಗಿ ಪ್ರೇಮಲೀಲಾ. ಮದುವೆ ಬೇಡವೆಂದವಳು. ಕಾಲೇಜಿನಲ್ಲಿ ನಾಟಕಗಳ ಪಾಠ ಹೇಳಿ ನಿವೃತ್ತಳಾಗಿ, ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನ ಮನೆಗೇ ಬಂದು ನೆಲಸಿದ್ದಳು. ಶಿವಕಿರಣ್ ಅವಳ ಹಳೆಯ ಶಿಷ್ಯ. ಗೋಕುಲಂನಲ್ಲಿ ತನ್ನ ಮನೆಯ ಮಹಡಿಯ ಮೇಲೆ ತಿಂಗಳಿಗೊಮ್ಮೆ ನಾಲ್ಕು ಜನರನ್ನು ಸೇರಿಸಿ ನಾಟಕದ ಮಾತುಕತೆ ಏರ್ಪಡಿಸುತ್ತಿದ್ದ. ಆ ಮಧ್ಯಾಹ್ನ ಅಲ್ಲಿ ಪ್ರೇಮಲೀಲೆಯ ಉಪನ್ಯಾಸ. ಪ್ರಾಚೀನ ಗ್ರೀಕರ ದುರಂತ ನಾಟಕಕ್ಕೂ ರೋಮನ್ನರ ದುರಂತ ನಾಟಕಕ್ಕೂ ಏನು ಅಂತರ ಎಂಬುದು ವಿಷಯ.

ಏಕಾಂತಯ್ಯನವರು ಫೋನನ್ನು ಕಟ್ಟೆಯ ಮೇಲೆಯೇ ಇಟ್ಟರು. ಸೀರಿಯಸ್ ಎಂಬ ಮಾತಿಗೆ ಆ ಮನೆತನದಲ್ಲಿ ಇದ್ದದ್ದು ಒಂದೇ ಅರ್ಥ. ತಂದೆಯವರು ಹೋದಾಗ ಹಾಸ್ಟೆಲಿಗೆ ಬಂದ ತಂತಿಯಲ್ಲಿದ್ದದ್ದು ಅದೇ ಮಾತು. ಇಲವಾಲದ ಚಿಕ್ಕಪ್ಪ ಹೋದಾಗಲೂ ಅದೇ. ಸತ್ತರು ಎಂದು ದೂರದವರಿಗೆ ಬಾಯಿಬಿಟ್ಟು ಹೇಳುವ ವಾಡಿಕೆ ನಮ್ಮಲ್ಲಿ ಇಲ್ಲ. ದಾರಿಯಲ್ಲಿ ಎದೆ ಒಡೆದುಕೊಂಡಾರು ಎಂದು ಸೀರಿಯಸ್ ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು, ಅರ್ಥವಾಗದವರಂತೆ ಹೊರಡುತ್ತಾರೆ.

ಏಕಾಂತಯ್ಯನವರಿಗೂ ಅರ್ಥವಾಯಿತು. ತಂಗಿ ಹೋದಳು. ಹೋದವಳಿಗೆ ಇನ್ನು ಬೇಕಾದದ್ದು ಕ್ರಮ ತಪ್ಪದ ಸಂಸ್ಕಾರ. ಅವರು ಸ್ನಾನ ಮಾಡಿದರು. ಕಣ್ಣೀರನ್ನು ನುಂಗಿಕೊಂಡು ಲಿಂಗಪೂಜೆ ಮುಗಿಸಿದರು. ವಿಭೂತಿಯ ಗಟ್ಟಿ ಹುಡುಕಿ, ಅವಳ ಬಿಳಿಯ ಶಾಲನ್ನು ಮಡಿಸಿ ಚೀಲಕ್ಕೆ ಹಾಕಿದರು. ಹಿತ್ತಲ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿದರು. ಆಟೋ ಹತ್ತಿದ ಮೇಲೆ, ವೇಗವಾಗಿ ಹೊರಟ ಚಾಲಕನ ಭುಜ ಮುಟ್ಟಿ, "ನಿಧಾನಕ್ಕೆ ಹೋಗಪ್ಪ. ಇನ್ನು ಅವಸರವೇನೂ ಇಲ್ಲ," ಎಂದರು.

ಆಸ್ಪತ್ರೆಯ ಒಳಬಾಗಿಲ ಮುಂದೆ ಶಿವಕಿರಣ್ ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ಇವರನ್ನು ಕಂಡವನೇ ಕೈ ಹಿಡಿದುಕೊಂಡ. "ಈಗಷ್ಟೇ ಸರ್... ಈಗಷ್ಟೇ ಹೋದ್ರು. ಇಷ್ಟು ಹೊತ್ತೂ ಮಾತಾಡ್ತಿದ್ರು. ನಿಮ್ಮನ್ನೇ ಕೇಳ್ತಿದ್ರು."

ಆ ಹುಡುಗನ ಬಾಯಲ್ಲಿ ಸೀರಿಯಸ್ ಎಂದರೆ ಬರೀ ಸೀರಿಯಸ್ಸೇ ಆಗಿತ್ತು. ಏಕಾಂತಯ್ಯನವರು ಏನನ್ನಾದರೂ ಹೇಳುವ ಮೊದಲೇ ಬಾಗಿಲಿನ ಎರಡೂ ಕದಗಳು ತೆರೆದವು. ಗಾಲಿಯ ಮಂಚವನ್ನು ಹೊರಗೆ ನೂಕಿದರು. ಅದರ ಮೇಲೆ ಪ್ರೇಮಲೀಲಾ ಇದ್ದಳು. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಅಳಿಸಿರಲಿಲ್ಲ.

ಮರುದಿನ ಅವಳನ್ನು ಸಮಾಧಿಯಲ್ಲಿ ಕೂರಿಸಿದರು. ಅಂಗೈಗೆ ಲಿಂಗ ಕೊಟ್ಟು, ವಿಭೂತಿಯ ಗಟ್ಟಿಗಳನ್ನಿಟ್ಟು, ಪತ್ರೆ ಹಾಕಿ, ಮಣ್ಣು ಮುಚ್ಚಿದರು. ಮೊದಲ ಹಿಡಿ ಮಣ್ಣು ಅಣ್ಣನದು. ಎಲ್ಲವೂ ಕ್ರಮವಾಗಿ ನಡೆಯಿತು. ಏಕಾಂತಯ್ಯನವರು ಮಾತ್ರ ಶಿವಕಿರಣನ ಮುಖವನ್ನು ಒಂದು ಸಲವೂ ನೋಡಲಿಲ್ಲ. ನೋಡಿದರೆ ಅವನು ಹೇಳಿಬಿಡುತ್ತಾನೆ. ತಂಗಿ ದಾರಿ ಕಾಯ್ದಳು, ಬಾಗಿಲು ನೋಡಿದಳು, ಅಣ್ಣ ಬರಲಿಲ್ಲವೆಂದು ನೊಂದುಕೊಂಡು ಪ್ರಾಣ ಬಿಟ್ಟಳು ಎಂದು ಹೇಳಿಬಿಡುತ್ತಾನೆ.

ಅಂದಿನಿಂದ ಅವರಿಗೆ ಪ್ರಾರ್ಥನೆ ಕೈಕೊಟ್ಟಿತು. ಬೆಳಿಗ್ಗೆ ಪೂಜೆಗೆ ಕೂತು, ಅಂಗೈಯ ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, "ಶಿವನೇ, ನನ್ನ ತಂಗಿಗೆ..." ಎನ್ನುವರು. ಮುಂದಿನ ಮಾತು ಬರುವ ಜಾಗಕ್ಕೆ, "ನಿಧಾನಕ್ಕೆ ಹೋಗಪ್ಪ" ಎಂಬ ತಮ್ಮದೇ ದನಿ ಬಂದು ಕೂರುವುದು. ನೂರಾರು ಸಾವಿನ ಮನೆಗಳಲ್ಲಿ ಕೂತು ಶಾಂತಿ ಕೋರಿದ ಬಾಯಿ ಸ್ವಂತ ತಂಗಿಗೆ ಒಂದು ಮಾತು ಕೇಳಿಕೊಳ್ಳಲಾರದೆ ಹೋಯಿತು. ಕೇಳಿಕೊಳ್ಳದಿದ್ದರೆ ಅವಳು ಎಲ್ಲೋ ಬಾಗಿಲಲ್ಲೇ ನಿಂತಿರುತ್ತಾಳೆ ಎಂದು ಅವರಿಗೆ ಅನ್ನಿಸುತ್ತಿತ್ತು. ಶಾಸ್ತ್ರ ಹಾಗೆ ಹೇಳುವುದಿಲ್ಲ. ಮನಸ್ಸು ಹೇಳುತ್ತಿತ್ತು.

ಉಪನ್ಯಾಸಕ್ಕೆ ಮುಂಚಿನ ಸಂಜೆ ಅವಳು ಇದೇ ಪಡಸಾಲೆಯಲ್ಲಿ ಕೂತು, ನೆನೆಸಿದ ಅವರೆಕಾಳು ಹಿದುಕುತ್ತಾ, ಮಾತನ್ನೆಲ್ಲ ಅಣ್ಣನ ಮೇಲೆ ಪ್ರಯೋಗ ಮಾಡಿದ್ದಳು. ಹೊಸ ಪಾಠವೆಲ್ಲ ಮೊದಲು ಅಣ್ಣನಿಗೆ.

"ಕೇಳಿಸ್ಕೊತಿದ್ದೀಯಾ ಅಣ್ಣಯ್ಯ? ಗ್ರೀಕರು ಸಾವನ್ನ ಸಾಮಾನ್ಯವಾಗಿ ಬಾಗ್ಲ ಹಿಂದೆ ಇಟ್ರು. ಒಳಗಿಂದ ಒಂದು ಕೂಗು ಬರುತ್ತೆ, ಅಷ್ಟೇ. ಆಮೇಲೆ ಒಬ್ಬ ದೂತ ಬಂದು ನಡೆದದ್ದನ್ನೆಲ್ಲ ಹೇಳ್ತಾನೆ. ಎಲ್ಲಿ ನಿಂತಿದ್ರು, ಏನಂದ್ರು, ಹೇಗೆ ಬಿದ್ರು, ಒಂದೂ ಬಿಡಲ್ಲ. ಕೊನೇಲಿ ಬಾಗ್ಲು ತೆಗೆದು ಗಾಲಿ ಹಲಗೆ ಮೇಲೆ ದೇಹನ ಹೊರಗೆ ನೂಕ್ತಾರೆ."

"ರೋಮನ್ನರು?"

"ಅವರು ಕಥೆಗಳನ್ನ ಗ್ರೀಕರಿಂದಲೇ ತಗೊಂಡ್ರು. ಆದ್ರೆ ಬಾಗ್ಲು ಹಾಕೋ ಅಭ್ಯಾಸ ಕಮ್ಮಿ. ಕಣ್ಣೆದುರಿಗೇ ಕೊಲ್ಲಿಸ್ತಾರೆ, ರಕ್ತ ತೋರಿಸ್ತಾರೆ. ಕೆಲವು ನಾಟಕದಲ್ಲಿ ಮೊದಲಿಗೇ ಒಂದು ದೆವ್ವ ಎದ್ದು ಬಂದು ಉದ್ದಕ್ಕೆ ಭಾಷಣ ಬಿಗಿಯುತ್ತೆ. ಅವನ್ನ ಆಡ್ತಿದ್ರೋ, ಬರೀ ಓದ್ತಿದ್ರೋ ಅಂತ ಪಂಡಿತರು ಇನ್ನೂ ಕಿತ್ತಾಡ್ತಿದಾರೆ."

"ನಮ್ಮೋರೇ ವಾಸಿ. ರಂಗದ ಮೇಲೆ ಸಾವು ತರಬಾರದು ಅಂತಲೇ ಕಟ್ಟು. ಕೊನೇಲಿ ಮಂಗಳ ಹಾಡಿ ಎದ್ದು ಹೋಗೋದು."

"ಗೊತ್ತು ಬುಡು. ನಿನಗೆ ಎಲ್ಲದಕ್ಕೂ ಮಂಗಳಾರತಿ ಆಗ್ಬೇಕು. ತಟ್ಟೆ ಕಾಸು ಯಾರು ಹಾಕ್ತಾರೆ?" ಎಂದು ನಕ್ಕು, ಒಂದು ಕಾಳನ್ನು ಅಣ್ಣನ ಕಡೆಗೆ ಚಿಮ್ಮಿಸಿದ್ದಳು.

"ಸರಿ ಕಣಮ್ಮ, ಎರಡರಲ್ಲಿ ಯಾವುದು ದೊಡ್ಡದು?"

"ದೊಡ್ಡದು ಸಣ್ಣದು ಅಂತಲ್ಲ. ರೋಮನ್ನರದ್ದು ಸಿಟ್ಟು. ಮನುಷ್ಯ ಗೊತ್ತಿದ್ದೂ ಗೊತ್ತಿದ್ದೂ ಉರಿದು ಹೋಗೋದನ್ನ ಅವರ ಹಾಗೆ ಬರೆದವರು ಕಮ್ಮಿ. ಗ್ರೀಕರದ್ದು ಗೊತ್ತಿಲ್ಲದ ತಪ್ಪು. ಒಳ್ಳೇವನೇ, ಜಾಣನೇ. ಯಾವುದೋ ಒಂದು ಮಾತು ಕೇಳ್ತಾನೆ, ನನಗೆ ಅರ್ಥ ಆಯ್ತು ಅಂದ್ಕೊಂಡು ಹೊರಡ್ತಾನೆ. ನಿಜವಾಗಿ ಅರ್ಥ ಆಗೋ ಹೊತ್ತಿಗೆ ಹೊತ್ತು ಮೀರಿರುತ್ತೆ."

ಆ ಮಾತು ಈಗ ಏಕಾಂತಯ್ಯನವರ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು.

ಮಧ್ಯಾಹ್ನಗಳಲ್ಲಿ ಜೋಂಪು ಹತ್ತಿದರೆ ಸಾಕು, ಕಿಟಕಿಯಾಚೆಯ ಚಾಮುಂಡಿ ಬೆಟ್ಟ ಮೆಲ್ಲಗೆ ಒಂದು ಬಯಲು ರಂಗವಾಗುತ್ತಿತ್ತು. ಮೆಟ್ಟಿಲುಗಳ ಮೇಲೆ ಜನ ಕೂತಿರುತ್ತಿದ್ದರು. ಎಲ್ಲರಿಗೂ ಮುಖವಾಡ. ಆದರೂ ಏಕಾಂತಯ್ಯನವರಿಗೆ ಗುರುತು ಸಿಕ್ಕುತ್ತಿತ್ತು. ಅದು ತಂದೆಯವರು, ಅದು ಇಲವಾಲದ ಚಿಕ್ಕಪ್ಪ. ಕೆಳಗೆ ಬಿಸಿಲಲ್ಲಿ ಒಂದು ಬಾಗಿಲು. ಗೋಡೆಯಿಲ್ಲ, ಬಾಗಿಲೊಂದೇ. ಅದರ ಹಿಂದೆ ತಂಗಿ ಇದ್ದಾಳೆಂದು ಅವರಿಗೆ ಗೊತ್ತು. ದೂರದಿಂದ ದೂತ ಓಡಿಬರುವನು. ಬಂದು ಬಾಯಿ ತೆರೆದರೆ ಬರುವುದು ಒಂದೇ ಮಾತು: ಸೀರಿಯಸ್. ಮೆಟ್ಟಿಲ ಮೇಲಿನ ಜನರೆಲ್ಲ ತಲೆದೂಗುವರು. ಬಿಲ್ವದ ಎಲೆಗಳು ಆಕಾಶದಿಂದ ಹಕ್ಕಿಗಳ ಹಾಗೆ ನಿಧಾನಕ್ಕೆ, ನಿಧಾನಕ್ಕೆ ಇಳಿಯುತ್ತಿರುವುವು.

ಒಮ್ಮೊಮ್ಮೆ ಬಾಗಿಲೂ ಇರುತ್ತಿರಲಿಲ್ಲ. ಆಗ ಅವರು ದೆವ್ವಕ್ಕಾಗಿ ಕಾಯುತ್ತಿದ್ದರು. ರೋಮನ್ನರ ನಾಟಕದಲ್ಲಾದರೆ ಅವಳು ನೆಲ ಸೀಳಿಕೊಂಡು ಬಂದು ಉದ್ದಕ್ಕೆ ಬೈಯಬೇಕು. ಬೈಯಲಿ ಎಂದೇ ಅವರ ಆಸೆ. ಅವಳು ಬರುತ್ತಿರಲಿಲ್ಲ. ಎಚ್ಚರವಾದಾಗ ಪಡಸಾಲೆಯಲ್ಲಿ ಹಿದುಕಿದ ಅವರೆಯ ವಾಸನೆ ಇದ್ದಂತೆ ತೋರಿ, ಹಾಗೇ ಕರಗಿಹೋಗುತ್ತಿತ್ತು.

ಒಂದು ಸಂಜೆ ಪಕ್ಕದ ಮನೆಯ ಸರೋಜಮ್ಮ ಎಳನೀರು ಹಿಡಿದುಕೊಂಡು ಬಂದರು. ಬೀದಿಯ ಸುದ್ದಿಯೆಲ್ಲ ಅವರ ಸೆರಗಿನ ತುದಿಯಲ್ಲಿ.

"ಕುಡೀರಿ ಮೇಷ್ಟ್ರೇ. ಇಂಗೆ ಉಪಾಸ ಬಿದ್ರೆ ಪ್ರೇಮಕ್ಕ ವಾಪಸ್ ಬಂದಾರಾ? ಬಂದ್ರೂ ನಿಮ್ಮನ್ನ ಬಯ್ಯಕ್ಕೇ ಬರೋದು."

"ಬೈದರೆ ಸಾಕಾಗಿತ್ತು ತಾಯಿ."

"ಅದ್ಸರಿ, ಆ ಗೋಕುಲದ ಐದ, ಪ್ರೇಮಕ್ಕನ ಶಿಷ್ಯ, ಯಾಕೆ ಇಂಗೆ ಮಾಡ್ತಾನೆ? ದಿನಾ ಬೈಕಲ್ಲಿ ಬತ್ತಾನೆ, ನಿಮ್ಮ ಗೇಟ್ ತಾವ ನಿಂತ್ಕತಾನೆ, ಒಂಟೋಯ್ತಾನೆ. ನಾನು ಮೊದ್ಲು ಕಳ್ಳ ಅಂದ್ಕೊಂಡೆ ಕಣ್ರೀ. ಆಮೇಲೆ ನೋಡಿದ್ರೆ ಅಳ್ತಾ ಅವ್ನೆ. ಅಳೋ ಕಳ್ಳ ಎಲ್ಲಾದ್ರೂ ಉಂಟಾ? ಈಗ್ಲೂ ಅವ್ನೆ ನೋಡಿ, ಹೊಂಗೆ ಮರದ ಕೆಳಗೆ."

ಏಕಾಂತಯ್ಯನವರು ಎಳನೀರಿನ ಲೋಟ ಕೆಳಗಿಟ್ಟರು. ಎದ್ದರು. ಕೂತರು. ಕೊನೆಗೆ ಮತ್ತೆ ಎದ್ದು, ಅಂಗಳ ದಾಟಿ, ತಾವೇ ಗೇಟಿನ ಚಿಲಕ ತೆಗೆದರು.

"ಒಳಗೆ ಬಾರಪ್ಪ."

"ನೀವು ಅವತ್ತು ನನ್ನ ಮುಖ ನೋಡ್ಲಿಲ್ಲ ಸರ್. ಸಿಟ್ಟಾಗಿದೀರಿ ಅಂತ..."

"ಸಿಟ್ಟು ನಿನ್ನ ಮೇಲಲ್ಲ. ಬಾ, ದೀಪ ಹಚ್ಚುವ ಹೊತ್ತು. ಕೂತುಕೋ."

ಸರೋಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮ ಮನೆಗೆ ಹೋದರು. ಏಕಾಂತಯ್ಯನವರು ಹೊಸಿಲ ಮೇಲೆ ಕಾರ್ತಿಕದ ಹಣತೆ ಹಚ್ಚಿಟ್ಟು, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡರು. "ಹೇಳು. ನನಗೆ ನೋವಾಗುತ್ತದೆ ಎಂದು ಏನನ್ನೂ ಬಿಡಬೇಡ."

ಶಿವಕಿರಣ್ ಬೆಚ್ಚಿದ. "ಮೇಡಂ ಕೂಡ ಅದನ್ನೇ ಹೇಳಿದ್ರು ಸರ್."

"ಏನಂದಳು?"

"ಮೊದ್ಲಿಂದ ಹೇಳ್ತೀನಿ ಸರ್. ಅವರು ಪಾಠದಲ್ಲಿ ದೂತನ ವಿಷಯಕ್ಕೆ ಬಂದಿದ್ರು. ನೀರು ಕೇಳಿದ್ರು. ಲೋಟ ಹಿಡ್ಕೊಂಡೋರು ಹಾಗೇ ಗೋಡೆಗೆ ಒರಗ್ಬುಟ್ರು. ಆಸ್ಪತ್ರೇಲಿ ಕಣ್ಣು ಬಿಟ್ರು. 'ಅಣ್ಣಯ್ಯನಿಗೆ ಹೇಳಿದ್ಯೇನೋ?' ಅಂದ್ರು. 'ಹೇಳ್ದೆ ಮೇಡಂ, ಸ್ವಲ್ಪ ಸೀರಿಯಸ್ ಅಂದೆ' ಅಂತ ನಾನು ಹೇಳ್ದೆ. ಅದಕ್ಕೆ ನಕ್ಬುಟ್ರು ಸರ್."

ಏಕಾಂತಯ್ಯನವರ ಕಣ್ಣು ತೆರೆಯಿತು. "ನಕ್ಕಳೇ?"

"ಆಕ್ಸಿಜನ್ ಮಾಸ್ಕ್ ಒಳಗೇ ನಕ್ರು. ನರ್ಸ್ ಗದರಿದ್ರು. 'ಗ್ರೀಕರೂ ಮುಖವಾಡ ಹಾಕ್ಕೊಂಡೇ ಮಾತಾಡ್ತಿದ್ದದ್ದು, ಸುಮ್ನಿರಮ್ಮ' ಅಂತ ಅವರಿಗೇ ಪಾಠ ಹೇಳಿದ್ರು. ಆಮೇಲೆ ನನಗೆ, 'ಅಯ್ಯೋ ದಡ್ಡ, ನಮ್ಮ ಮನೇಲಿ ಸೀರಿಯಸ್ ಅಂದ್ರೆ ಏನು ಗೊತ್ತೇನೋ? ನನ್ನ ಆಗ್ಲೇ ಕಳಿಸ್ಬುಟ್ಟೆ ನೀನು. ಅವನು ಈಗ ಸ್ನಾನ ಮಾಡಿ ವಿಭೂತಿ ಹುಡುಕ್ತಿರ್ತಾನೆ. ಹಿತ್ತಲ ಚಿಲಕ ಎರಡು ಸಲ ಎಳೀತಾನೆ. ಆಟೋದವನಿಗೆ ನಿಧಾನಕ್ಕೆ ಹೋಗಪ್ಪ ಅಂತಾನೆ' ಅಂದ್ರು."

ಆ ಮಾತನ್ನು ಏಕಾಂತಯ್ಯನವರು ಯಾರಿಗೂ ಹೇಳಿರಲಿಲ್ಲ.

"ಮತ್ತೆ ಫೋನ್ ಮಾಡ್ದೆ ಸರ್. ನೀವು ತೆಗೀಲಿಲ್ಲ."

"ಕಟ್ಟೆಯ ಮೇಲೆ ಬಿಟ್ಟು ಬಂದಿದ್ದೆ."

"'ಬುಡು, ಪೂಜೆಗೆ ಕೂತಿರ್ತಾನೆ' ಅಂದ್ರು. 'ಕಣ್ಣಲ್ಲಿ ನೋಡಿದ್ರೆ ತಡ್ಕೊಳ್ಳಲ್ಲ ಅವನು. ನಮ್ಮಣ್ಣ ಗ್ರೀಕರ ಪೈಕಿ. ನೀನೇ ದೂತ ಆಗು. ಆದ್ರೆ ಪೂರ್ತಿ ಹೇಳ್ಬೇಕು ಕಣೋ, ಅರ್ಧ ನುಂಗೋ ದೂತ ಹೇಡಿ' ಅಂದ್ರು. ನನಗೆ ಧೈರ್ಯ ಆಗ್ಲಿಲ್ಲ ಸರ್. ಗೇಟ್ ತನಕ ಬರ್ತಿದ್ದೆ, ವಾಪಸ್ ಹೋಗ್ತಿದ್ದೆ."

"ಆಮೇಲೆ?"

"ಕೊರಳಿನ ಲಿಂಗನ ಅಂಗೈಗೆ ಇಡು ಅಂದ್ರು. ಇಟ್ಟೆ. ಶಿವ ಶಿವ ಅಂತ ತುಟಿ ಆಡ್ತಿತ್ತು."

ಏಕಾಂತಯ್ಯನವರು ಇಷ್ಟು ದಿನ ಹೆದರಿದ್ದ ಪ್ರಶ್ನೆಯನ್ನು ಕೇಳಿದರು. "ಬಾಗಿಲ ಕಡೆ ನೋಡಿದಳೇ?"

ಹಣತೆಯ ಕುಡಿ ಒಮ್ಮೆ ಬಾಗಿ ನೆಟ್ಟಗಾಯಿತು.

"ನೋಡಿದ್ರು ಸರ್. ಸುಳ್ಳು ಹೇಳಲ್ಲ. ಕ್ಲಾಸಿಗೆ ಲೇಟಾಗಿ ಬರೋರನ್ನ ನೋಡ್ತಿದ್ರಲ್ಲ, ಹಾಗೆ. 'ಬಂದ ಮೇಲೆ ಬಯ್ಕೊಂಡು ಕೂರ್ಬೇಡ ಅನ್ನು. ಮಂಗಳ ಹಾಡು ಅನ್ನು' ಅಂದ್ರು. ಅದೇ ಕೊನೆ ಮಾತು."

ಬೆಟ್ಟದ ಮೇಲೆ ದೀಪಗಳು ಹತ್ತಿಕೊಂಡಿದ್ದವು. ಕನಸಿನಲ್ಲಿ ಕಂಡ ಆ ಬಾಗಿಲು ಈಗ ಎಚ್ಚರದಲ್ಲೇ ಏಕಾಂತಯ್ಯನವರಿಗೆ ಕಂಡಿತು. ಅದು ತೆರೆದಿತ್ತು. ಒಳಗೆ ತಂಗಿ ಮುಖವಾಡ ತೆಗೆದು, ಮಡಿಲಲ್ಲಿಟ್ಟುಕೊಂಡು, ನಗುತ್ತಾ ಕೂತಿದ್ದಳು. ತಾವು ಕಣ್ಣಿಂದ ನೋಡದೆ ಹೋದದ್ದೆಲ್ಲ ಕಿವಿಯಿಂದ ಒಳಗೆ ಬಂದು ಕೂತಿತು. ನೋವು ಹೋಗಲಿಲ್ಲ. ಆದರೆ ಪ್ರಾರ್ಥನೆಗೆ ಅಡ್ಡ ನಿಂತಿದ್ದ ಆ ತಮ್ಮದೇ ದನಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಅವರು ಎದ್ದು ಕೈಕಾಲು ತೊಳೆದು ಬಂದರು. ಶಿವಕಿರಣನ ಹಣೆಗೆ ವಿಭೂತಿ ಇಟ್ಟರು, ತಾವೂ ಇಟ್ಟುಕೊಂಡರು. ಹಣತೆಯ ಮುಂದೆ ಕೂತು, ಅಂಗೈಯ ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು.

"ಶಿವನೇ, ನನ್ನ ತಂಗಿ ಪ್ರೇಮಲೀಲಾ ನಿನ್ನಲ್ಲಿಗೆ ಬಂದಿದ್ದಾಳೆ. ನಾನು ತಡವಾಗಿ ಹೋದೆ, ನೀನು ತಡಮಾಡಬೇಡ. ಅವಳನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಕರೆದುಕೋ. ಮಾತು ಬಹಳ, ಬೇಸರಪಡದೆ ಕೇಳು. ನಕ್ಕರೆ ನೀನೂ ನಗು. ದಣಿದು ಬಂದಿದ್ದಾಳೆ ತಂದೆ, ಅವಳ ಜೀವಕ್ಕೆ ಶಾಂತಿ ಕೊಡು. ಶಾಂತಿ ಕೊಡು."