ಒಂದು ಮುಖಕ್ಕೆ ಮುನ್ನೂರು ಜೊತೆ ಕಣ್ಣು

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ ಮುದುಕನಿಗೆ ಈ ಲೋಕದಲ್ಲಿ ಮೆಚ್ಚುಗೆಯಾದ ವಸ್ತುಗಳು ಬಹಳ ಇರಲಿಲ್ಲ. ದೇವರು, ಉತ್ತರದ ಕಿಟಕಿಯ ಬೆಳಕು, ಅಳಿಲು ಕೂದಲಿನ ಒಂದು ಹಳೆಯ ಕುಂಚ, ಮತ್ತು ಹೆಂಡತಿ. ಹೋದ ವರ್ಷ ದೇವರು ಹೆಂಡತಿಯನ್ನು ಕರೆದುಕೊಂಡ. ಬೇಕಿದ್ದರೆ ಕುಂಚವನ್ನು ತೆಗೆದುಕೊಳ್ಳಬಹುದಿತ್ತಲ್ಲ ಎಂದು ಮುದುಕ ಪ್ರಾರ್ಥನೆಯ ನಡುವೆ ಒಮ್ಮೆ ಕೇಳಿಬಿಟ್ಟಿದ್ದ. ಕೇಳಿದ ಬಾಯಲ್ಲೇ ಕ್ಷಮೆಯನ್ನೂ ಬೇಡಿದ್ದ.

ಬದುಕಿನ ಉದ್ದಕ್ಕೂ ಅವನು ಶಾಲೆಯ ಪುಸ್ತಕಗಳಿಗೆ ಚಿತ್ರ ಬರೆದವನು. ಕಪ್ಪೆಯ ಕರುಳು, ಮೋಡ ಮಳೆಯಾಗುವ ಬಗೆ, ಹಲ್ಲುಜ್ಜುವ ಹುಡುಗ, ಎಲ್ಲವೂ ಅವನ ಕೈಯಿಂದ ಇಳಿದು, ಊರೂರಿನ ಮಕ್ಕಳ ಪೆನ್ನಿನಲ್ಲಿ ಮೀಸೆ ಬರೆಸಿಕೊಂಡಿದ್ದವು. ಯಾರ ಮುಖ ಬರೆದರೂ ಅವನದು ಒಂದೇ ಕ್ರಮ. ಕೂದಲು, ಹಣೆ, ಕಿವಿ, ಕತ್ತು, ಬಟ್ಟೆಯ ಮಡಿಕೆ ಎಲ್ಲ ಮುಗಿದ ಮೇಲೆ, ಕೈ ತೊಳೆದು, ದೇವರನ್ನು ನೆನೆದು, ಒಂದೇ ಪಟ್ಟಿನಲ್ಲಿ ಕಣ್ಣು. "ಕಣ್ಣು ಬರೆದ ಮೇಲೆ ಆ ಮುಖ ನನ್ನನ್ನ ನೋಡೋಕೆ ಶುರು ಮಾಡುತ್ತೆ. ಆಮೇಲೆ ಅದರ ಎದುರಿಗೇ ಕಿವಿ ತಿದ್ದೋದು ಮರ್ಯಾದೆ ಅಲ್ಲ" ಎನ್ನುತ್ತಿದ್ದ.

ಕಣ್ಣು ಮುಗಿಯುತ್ತಲೇ ಹೆಂಡತಿಯನ್ನು ಕೂಗುವುದು ರೂಢಿ. ಆಕೆ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಬಂದು, ಬಾಗಿಲಲ್ಲೇ ನಿಂತು ನೋಡಿ, "ಹೂಂ, ಇಷ್ಟೇನಾ?" ಎಂದು ಒಳಗೆ ಹೋಗುತ್ತಿದ್ದಳು. ನಲವತ್ತು ವರ್ಷ ಕಾದರೂ ಅದಕ್ಕಿಂತ ದೊಡ್ಡ ಪ್ರಶಸ್ತಿ ಆ ಮನೆಯಲ್ಲಿ ಅವನಿಗೆ ಸಿಕ್ಕಲಿಲ್ಲ.

ಈಗ ಆಕೆಯದೇ ಚಿತ್ರ ಹಲಗೆಯ ಮೇಲಿತ್ತು. ಎಲ್ಲ ಮುಗಿದಿತ್ತು, ಕಣ್ಣೊಂದು ಬಿಟ್ಟು. ಪ್ರತಿದಿನ ಬೆಳಗ್ಗೆ ಪ್ರಾರ್ಥನೆ ಮಾಡಿ ಕುಂಚ ಹಿಡಿದು ಕೂರುತ್ತಿದ್ದ. ಕೊನೆಗೆ ಒಣ ಕುಂಚವನ್ನೇ ತೊಳೆದಿಟ್ಟು ಏಳುತ್ತಿದ್ದ. ಫೋಟೋಗಳಲ್ಲಿ ಕಣ್ಣಿನ ಆಕಾರವೇನೋ ಇತ್ತು, ನೋಟ ಇರಲಿಲ್ಲ. ಕ್ಯಾಮೆರಾದ ಮುಂದೆ ಆಕೆ ಹಲ್ಲಿನ ಡಾಕ್ಟರ ಮುಂದೆ ಕೂತವಳಂತೆ ಕೂರುತ್ತಿದ್ದಳು. ಶಾಂತವಾದ, ಕರುಣೆ ತುಂಬಿದ ಕಣ್ಣುಗಳನ್ನು ಮುದುಕ ಚೂರು ಕಾಗದದ ಮೇಲೆ ಎಷ್ಟೋ ಸಲ ಬರೆದು ನೋಡಿದ. ಯಾರೋ ಪುಣ್ಯವಂತ ಹೆಂಗಸು ಬಂದಳು. ಇವನ ಹೆಂಡತಿ ಬರಲಿಲ್ಲ. ಆ ನೋಟ ತನ್ನಿಂದ ಜಾರಿಹೋಗುತ್ತಿದೆ ಎಂಬ ಹೆದರಿಕೆ ಅವನ ಎದೆಯಲ್ಲಿ ಕೂತಿತ್ತು. "ಒಂದೇ ಸಲ ತೋರಿಸು. ಬರೆದುಕೊಳ್ಳುವಷ್ಟು ಹೊತ್ತು ಸಾಕು" ಎಂದು ದೇವರನ್ನು ಬೇಡುತ್ತಿದ್ದ. ಬೇರೇನನ್ನೂ ಬೇಡುವುದನ್ನು ಬಿಟ್ಟಿದ್ದ.

ಅವನ ತಮ್ಮನ ಮಗಳು ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸದವಳು. ಅವಳನ್ನು ಮನೆಯವರೆಲ್ಲ ಚೂಟಿ ಎನ್ನುತ್ತಿದ್ದರು. ರಜೆಯ ದಿನ ಬಂದವಳು ಒಣಗಿದ ಬಣ್ಣದ ತಟ್ಟೆ ನೋಡಿ, ದೊಡ್ಡಪ್ಪನ ಕೈ ನಿಂತುಹೋಗಬಾರದೆಂದು, ಫೋನಿನಲ್ಲಿ, ಚಿತ್ರ ಬರೆಯುವವರ ತಾಣವೊಂದರಲ್ಲಿ ಅವನ ಹೆಸರಿಗೆ ಒಂದು ಖಾತೆ ತೆರೆದಳು.

"ಚಾಲೆಂಜ್‌ಗಳಿರ್ತವೆ ದೊಡ್ಡಪ್ಪ. ಸೇರ್ಕೊಳ್ಳಿ."

"ಏನು, ಕುಸ್ತಿನಾ?"

"ಅಲ್ಲ. ಅವರೊಂದು ಪದ ಕೊಡ್ತಾರೆ, ನಾವು ಅದಕ್ಕೆ ಚಿತ್ರ ಬರೆದು ಹಾಕ್ಬೇಕು."

"ಇದನ್ನ ನಾಲ್ಕನೇ ಕ್ಲಾಸಲ್ಲಿ ಹೋಮ್‌ವರ್ಕ್ ಅಂತಿದ್ರು."

"ಇಲ್ಲಿ ಎಲ್ಲರೂ ಇಷ್ಟಪಟ್ಟು ಮಾಡ್ತಾರೆ."

"ನಮಗೆ ಹೊಡೆದು ಮಾಡಿಸ್ಬೇಕಿತ್ತು. ಬುದ್ಧಿ ಇತ್ತು ನೋಡು."

ಆದರೂ ಅವಳ ಮಾತಿಗೆ ಕಟ್ಟುಬಿದ್ದು ಸೇರಿದ. ಮೊದಲನೆಯದು ತಿಂಗಳಿಡೀ ದಿನಕ್ಕೊಂದು ಚಿತ್ರ ಬೇಡುವಂಥದು. ಅಂದಿನ ಪದ ಹಲ್ಲಿ. ಮುದುಕ ಗೋಡೆಯ ಹಲ್ಲಿಯನ್ನು ಕಾದು ಕೂತು, ಅದು ಕಿಟಕಿಯ ಹೊರಮೈಗೆ ಹೋದಾಗ ಪಾದ ಗಾಜಿಗೆ ಹೇಗೆ ಅಂಟುತ್ತದೆಂದು ಒಳಗಿನಿಂದ ನೋಡಿ, ಮನಸ್ಸಿಟ್ಟು ಬರೆದ. ಅಷ್ಟರಲ್ಲಿ ಜಗತ್ತು ಎರಡು ಪದ ಮುಂದೆ ಹೋಗಿತ್ತು.

"ಹಲ್ಲಿ ಕಾಲಿನ ಬೆರಳು ಎಣಿಸೋಷ್ಟರಲ್ಲಿ ಇವರ ಏಕಾಂತ ಮುಗಿದುಹೋಯ್ತಂತೆ, ಇವತ್ತು ಸೂಪಿನ ಬಟ್ಟಲಂತೆ!" ಎಂದು ಅವನು ಪೆನ್ಸಿಲು ಎಸೆದ. "ಇವರು ಚಿತ್ರ ಬರೀತಾರೋ, ಹಾಜರಿ ಹಾಕ್ತಾರೋ?"

ಎರಡನೆಯದರಲ್ಲಿ ಬಹುಮಾನವಿತ್ತು. ಚೂಟಿ ಸಣ್ಣ ಅಕ್ಷರ ಓದಿದಳು: ಗೆದ್ದರೂ ಸೋತರೂ ಚಿತ್ರ ಅವರದೇ. ಅದನ್ನು ಅವಳೇ ಬಿಟ್ಟಳು. ಮೂರನೆಯದರಲ್ಲಿ, ಅಣಬೆಯ ಟೋಪಿ ಹಾಕಿದ ಒಂದು ಹುಡುಗಿಯ ಚಿತ್ರವನ್ನು ಎಲ್ಲರೂ ತಂತಮ್ಮ ರೀತಿಯಲ್ಲಿ ಮತ್ತೆ ಬರೆಯಬೇಕು.

"ಇಷ್ಟು ದೊಡ್ಡ ಕಣ್ಣಿಗೆ ತಲೆಯೊಳಗೆ ಜಾಗ ಎಲ್ಲೇ? ಮೆದುಳನ್ನ ಮನೇಲಿಟ್ಟು ಬಂದಿದಾಳಾ?"

"ದೊಡ್ಡಪ್ಪ, ಇದಕ್ಕೆ ಐವತ್ತು ಸಾವಿರ ಜನ ಮೆಚ್ಚುಗೆ ಒತ್ತಿದಾರೆ."

"ಅವರ ಮೆದುಳೂ ಅಲ್ಲೇ ಇರ್ಬೇಕು."

ಚೂಟಿ ನಕ್ಕಳು. ಆಮೇಲೆ ಬುದ್ಧಿವಂತಿಕೆಯ ಮಾತು ಹೇಳಿದಳು: "ಸಿಕ್ಕಿದ್ದೆಲ್ಲ ಹಿಡಿಯೋದು ಬೇಡ. ನೀವು ಹೇಗೂ ಬರೀತಿರೋದಕ್ಕೆ ಯಾವುದು ಹೊಂದುತ್ತೋ ಅದೊಂದನ್ನ ಹಿಡಿಯೋಣ. ಅವಸರ ಇರ್ಬಾರದು, ಬಹುಮಾನ ಇರ್ಬಾರದು." ಹುಡುಕಿ ಒಂದನ್ನು ತೆಗೆದಳು. ತಮಗೆ ಬೇಕಾದವರ ಮುಖವೊಂದನ್ನು ನಿಧಾನವಾಗಿ ಬರೆದು ಹಂತ ಹಂತವಾಗಿ ತೋರಿಸಿದರಾಯಿತು. ನಡೆಸುವವನು ತನ್ನನ್ನು ಕುಂಚರಾಜ ಎಂದು ಕರೆದುಕೊಂಡಿದ್ದ. "ರಾಜನಂತೆ! ಕುಂಚ ತೊಳೆಯೋಕೆ ಬರುತ್ತಾ ಕೇಳು" ಎಂದು ಮೂಗು ಮುರಿದರೂ ಮುದುಕ ಷರತ್ತು ಹಾಕಿ ಒಪ್ಪಿದ. ಫೋನಿನ ಕೆಲಸವೆಲ್ಲ ಚೂಟಿಯದು; ಯಾರು ಎಷ್ಟು ಹೊಗಳಿದರೆಂದು ತನಗೆ ಹೇಳಕೂಡದು. ಬಂದಾಗಲೆಲ್ಲ ಅವಳು ದೊಡ್ಡಮ್ಮನ ಚಿತ್ರದ ಫೋಟೋ ತೆಗೆದು, ಕೆಳಗೆ 'ಇನ್ನೂ ಮುಗಿದಿಲ್ಲ' ಎಂದು ಬರೆದು ಕಳಿಸುತ್ತಿದ್ದಳು.

ಒಂದು ಸಲ ಬಸ್ಸು ಹತ್ತುವ ಗಡಿಬಿಡಿಯಲ್ಲಿ ಆ ಎರಡು ಪದ ಬರೆಯುವುದನ್ನು ಮರೆತಳು. ಅಷ್ಟೇ ನಡೆದದ್ದು. ಕಣ್ಣಿಲ್ಲದ ಆ ಮುಖ ಮುಗಿದ ಚಿತ್ರವೆಂದೇ ಜನ ತಿಳಿದರು. ಎಂಥ ಧೈರ್ಯ, ಎಂಥ ಶೂನ್ಯ ಎಂದು ಹಾಡಿ ಹೊಗಳಿದರು. ಕುಂಚರಾಜ ಚೂಟಿಗೆ ಬರೆದ: ಮುಂದಿನ ಚಾಲೆಂಜನ್ನು ಈ ಚಿತ್ರದ ಮೇಲೆಯೇ ಇಡಬಹುದೇ? ಎಲ್ಲರೂ ಈ ಮುಖಕ್ಕೆ ಕಣ್ಣು ಬರೆಯಲಿ. ದೊಡ್ಡಪ್ಪನಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನೆಂದುಕೊಂಡು ಚೂಟಿ ಆಗಲಿ ಎಂದು ಒತ್ತಿಬಿಟ್ಟಳು.

ಮುಂದಿನ ರಜೆಯ ದಿನ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಬಂದಳು. "ದೊಡ್ಡಪ್ಪ, ಮುನ್ನೂರು ಜನ! ಮುನ್ನೂರು ಜನ ದೊಡ್ಡಮ್ಮನಿಗೆ ಕಣ್ಣು ಬರೆದಿದಾರೆ!"

ಮುದುಕ ಫೋನು ಇಸಕೊಂಡು ನೋಡಿದ. ಅವನು ಬರೆದ ಹಣೆ, ಅವನು ಬರೆದ ಕಿವಿ, ಹೆಂಡತಿಯ ನರೆಗೂದಲು. ನಡುವೆ ಬೆಕ್ಕಿನ ಕಣ್ಣು. ಬೆರಳಾಡಿಸಿದ. ಕಣ್ಣಿನ ಜಾಗದಲ್ಲಿ ನಕ್ಷತ್ರ. ಬಟ್ಟೆಯ ಗುಂಡಿ. ಉರಿಯುವ ಮೇಣದ ಬತ್ತಿ. ಒಬ್ಬ ಧಾರಾಳಿ ಮೂರನೆಯ ಕಣ್ಣನ್ನೂ ಕೊಟ್ಟಿದ್ದ. ಇನ್ನೊಬ್ಬ ಗಲ್ಲದವರೆಗೆ ಕಣ್ಣೀರು ಹರಿಸಿದ್ದ.

"ಅಳೋಳಾ ಅವಳು?" ಎಂದ, ಬಹಳ ಮೆಲ್ಲಗೆ. "ಯಾರನ್ನ ಕೇಳಿ ಕೊಟ್ಟೆ?"

ಚೂಟಿಯ ಮುಖದ ನಗು ಅಲ್ಲೇ ಒಣಗಿತು. ಒಡನೆ ಕುಂಚರಾಜನಿಗೆ ಬರೆದಳು, ದಯವಿಟ್ಟು ತೆಗೆಯಿರಿ ಎಂದು. ಕಲೆ ಎಲ್ಲರಿಗೂ ಸೇರಿದ್ದು ಎಂದು ಉತ್ತರ ಬಂತು, ಕೆಳಗೊಂದು ಹೂವಿನ ಗುರುತಿನೊಂದಿಗೆ.

"ನನ್ನ ಹೆಂಡತಿ ಎಲ್ಲರಿಗೂ ಸೇರಿದೋಳಲ್ಲ ಅಂತ ಬರಿ."

ಬರೆದಳು. ಅದಕ್ಕೂ ಒಂದು ಹೂವು ಬಂತು.

ಮರುದಿನ ಬೆಳಗ್ಗೆ ಮುದುಕ ಪ್ರಾರ್ಥನೆಗೆ ಕೂತು ರೆಪ್ಪೆ ಮುಚ್ಚಿದ. ಹೆಂಡತಿ ಬಂದಳು, ಮುಖದಲ್ಲಿ ನಕ್ಷತ್ರಗಳಿದ್ದವು. ತಲೆ ಕೊಡವಿ ಮತ್ತೆ ಮುಚ್ಚಿದರೆ ಗುಂಡಿ, ಮತ್ತೆ ಮುಚ್ಚಿದರೆ ಬೆಕ್ಕು. ಅಳಿದುಳಿದ ಮಸುಕು ನೆನಪಿನ ಮೇಲೂ ಮುನ್ನೂರು ಮಂದಿ ಬಣ್ಣ ಬಳಿದುಹೋಗಿದ್ದರು. ಅವನು ಅಂದು ಕುಂಚ ಮುಟ್ಟಲಿಲ್ಲ. ದೇವರನ್ನು ಏನೂ ಬೇಡಲೂ ಇಲ್ಲ. ಬೇಡಿದ್ದಕ್ಕೆ ಉತ್ತರ ಇದೇ ಆಗಿದ್ದರೆ ಇನ್ನೇನು ಬೇಡುವುದು?

ಚೂಟಿ ಕೆಲಸಕ್ಕೆ ರಜೆ ಹಾಕಿ ಮಧ್ಯಾಹ್ನ ಬಂದಳು. ಕಣ್ಣು ಕೆಂಪಾಗಿತ್ತು. "ಖಾತೆ ಅಳಿಸಿಬಿಡ್ತೀನಿ ದೊಡ್ಡಪ್ಪ. ಬೈದುಬಿಡಿ ನನ್ನ."

"ನಿನ್ನ ಬೈದು ಏನು ಬಂತು? ಅಳಿಸಿದ್ರೆ ನನ್ನ ತಲೆಯಿಂದ ಹೋಗುತ್ತಾ? ತೆಗಿ ಫೋನು. ಯಾವ ಯಾವ ಕತ್ತೆ ಎಲ್ಲೆಲ್ಲಿ ಕಾಲಿಟ್ಟಿದೆ, ಒಂದೂ ಬಿಡದೆ ನೋಡೇಬಿಡೋಣ."

ಕಿಟಕಿಯ ಬಳಿ ಕೂತರು. ಕೆಳಗಡೆ ಯಾರೋ ಚಕ್ರದ ಡೊಂಕು ಬಡಿಯುತ್ತಿದ್ದರು. ಚೂಟಿ ಒಂದೊಂದನ್ನೇ ತೋರಿಸಿದಳು. ಮುದುಕ ಒಂದೊಂದಕ್ಕೂ ತೀರ್ಪು ಕೊಟ್ಟ.

"ಇವಳೇನು ದೆವ್ವ ಕಂಡವಳಾ?... ಇದು ಕಣ್ಣಲ್ಲ, ಬೇಯಿಸಿದ ಮೊಟ್ಟೆ... ಇವನು ಹುಟ್ಟಿದಾಗಿನಿಂದ ಮನುಷ್ಯರನ್ನ ನೋಡಿಲ್ಲ, ಪಾಪ... ಇದನ್ನ ಕೈಯಲ್ಲಿ ಬರೆದಿದಾನೋ, ಮೊಣಕೈಯಲ್ಲೋ?"

ಬಯ್ಗುಳಕ್ಕೂ ಒಂದು ಮಿತಿಯುಂಟು. ನೂರು ದಾಟುವ ಹೊತ್ತಿಗೆ ಮಾತು ಮುಗಿಯಿತು. ಮುದುಕ ಸುಮ್ಮನೆ ತಲೆ ಒಂದಿಷ್ಟು ಹಿಂದಕ್ಕೆ ವಾಲಿಸಿ, ಎಡ ಹುಬ್ಬನ್ನು ಕೂದಲೆಳೆಯಷ್ಟು ಏರಿಸಿ, ಕೆಳಗಿನ ರೆಪ್ಪೆ ಬಿಗಿಮಾಡಿ ನೋಡುತ್ತ, "ಹೂಂ. ಮುಂದಿನದು" ಎನ್ನತೊಡಗಿದ.

ಚೂಟಿಯ ಬೆರಳು ನಿಂತಿತು.

"ದೊಡ್ಡಪ್ಪ, ಅಲ್ಲಾಡ್ಬೇಡಿ."

"ಯಾಕೆ? ಜೇಡವಾ?"

"ದೊಡ್ಡಮ್ಮ!" ಅವಳು ಅವನ ಮುಖದತ್ತ ಬಾಗಿದಳು. "ನೀವು ಚಿತ್ರ ಮುಗಿಸಿ ಕೂಗಿದಾಗ ದೊಡ್ಡಮ್ಮ ಬಂದು ನೋಡ್ತಿದ್ದಿದ್ದು ಹೀಗೇ. ನಾನು ಚಿಕ್ಕವಳಿದ್ದಾಗ ಹಾಡು ಹೇಳಿದ್ರೂ ಹೀಗೇ ನೋಡೋರು. ಅದೇ ಹುಬ್ಬು, ಅದೇ ರೆಪ್ಪೆ."

ಮುದುಕ ಎದ್ದು, ಕ್ಷೌರದ ಕನ್ನಡಿಯನ್ನು ಮೊಳೆಯಿಂದ ತೆಗೆದು ಬೆಳಕಿಗೆ ಹಿಡಿದ. ಕಣ್ಣು ಅವನದೇ, ಹಳದಿಗಟ್ಟಿದ ಮುದಿಗಣ್ಣು. ನೋಟ ಅವನದಾಗಿರಲಿಲ್ಲ. ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತವಳು ಕನ್ನಡಿಯೊಳಗಿನಿಂದ ಅವನನ್ನು ನೋಡುತ್ತಿದ್ದಳು. ಅವನು ಕರುಣೆಯನ್ನು ಹುಡುಕುತ್ತಿದ್ದ, ಎಲ್ಲಿಂದ ಸಿಕ್ಕೀತು? ಆಕೆ ನಲವತ್ತು ವರ್ಷ ಇವನ ಮೇಲೆ ಸುರಿದದ್ದು ಈ ತಾತ್ಸಾರವನ್ನು. ಅದರಲ್ಲಿ ಒಂದು ತೊಟ್ಟೂ ಪೋಲಾಗಿರಲಿಲ್ಲ.

ಅವನ ಕಣ್ಣು ತುಂಬಿತು. ತುಂಬಿದ್ದೇ ತಡ, ಕನ್ನಡಿಯಲ್ಲಿ ಬರೀ ಒಬ್ಬ ಅಳುವ ಮುದುಕ ಉಳಿದ.

"ಅಯ್ಯೋ, ಹೋದಳು! ಚೂಟಿ, ಮುಂದಿನದು ತೋರಿಸು!"

"ಇದು ಚೆನ್ನಾಗಿದೆ ದೊಡ್ಡಪ್ಪ..."

"ಚೆನ್ನಾಗಿರೋದು ಯಾರಿಗೆ ಬೇಕು! ಕೆಟ್ಟದ್ದು ತೆಗಿ. ಇರೋದರಲ್ಲೆಲ್ಲ ಕೆಟ್ಟದ್ದು!"

ಅವನು ಕೈ ತೊಳೆದ, ಒಂದು ಗಳಿಗೆ ದೇವರನ್ನು ನೆನೆದ, ಅಳಿಲು ಕೂದಲಿನ ಕುಂಚ ತೆಗೆದುಕೊಂಡ. ಕನ್ನಡಿಯನ್ನು ಹಲಗೆಗೆ ಒರಗಿಸಿ, ಪಕ್ಕದಲ್ಲಿ ಚೂಟಿಯನ್ನು ನಿಲ್ಲಿಸಿದ. ಅವಳು ಫೋನು ಎತ್ತಿ ಹಿಡಿದಳು. ನೋಟ ಸಡಿಲವಾದಾಗಲೆಲ್ಲ "ಹೂಂ" ಎನ್ನುತ್ತಿದ್ದ. ಅವಳು ಇನ್ನೊಂದು ದರಿದ್ರವನ್ನು ಮುಂದೊಡ್ಡುತ್ತಿದ್ದಳು. ಗುಂಡಿಗಳು ಬಂದವು, ಹುಬ್ಬು ಏರಿತು. ಬೇಯಿಸಿದ ಮೊಟ್ಟೆ ಬಂತು, ರೆಪ್ಪೆ ಬಿಗಿಯಿತು. ಆಕಾರಕ್ಕೆ ಫೋಟೋ, ನೋಟಕ್ಕೆ ಕನ್ನಡಿ, ನೋಟ ಆರದಂತೆ ಕುಂಚರಾಜನ ಪ್ರಜೆಗಳು. ಉತ್ತರದ ಬೆಳಕು ಕಂದುವುದರೊಳಗೆ ಮುಗಿಯಿತು.

ಮುದುಕ ಹಿಂದಕ್ಕೆ ಸರಿದ. ಕೂಗಲು ಬಾಯಿ ತೆರೆದವನು ಮುಚ್ಚಿದ. ಕರೆಯಬೇಕಾಗಿರಲಿಲ್ಲ, ಬಂದಾಗಿತ್ತು. ಹೂಂ, ಇಷ್ಟೇನಾ?

"ಇದನ್ನ ಹಾಕಲಾ ದೊಡ್ಡಪ್ಪ?" ಚೂಟಿ ಮೂಗೊರೆಸಿಕೊಂಡು ಕೇಳಿದಳು. "ನಿಜವಾದ ಕಣ್ಣು ಯಾವುದು ಅಂತ ಅವರಿಗೂ ಗೊತ್ತಾಗ್ಲಿ."

"ಅವರಿಗೆ ಯಾಕೆ? ಕಣ್ಣಿಲ್ಲದ್ದೇ ಸಾಕು ಅವರ ಯೋಗ್ಯತೆಗೆ."

"ಒಂದು ಥ್ಯಾಂಕ್ಸ್ ಆದ್ರೂ ಬರೀಲಾ?"

"ದೇವರಿಗೆ ನಾನು ಹೇಳ್ಕೋತೀನಿ. ರಾಜನಿಗೆ ಒಂದು ಹೂವು ಕಳಿಸು, ಅವನ ಭಾಷೆ ಅದೇ ತಾನೇ."

ಅವಳು ದೀಪ ಹಾಕಿದಳು. ಆ ಬೆಳಕಿನಲ್ಲಿ ಮುದುಕ ಚಿತ್ರವನ್ನು ಮತ್ತೊಮ್ಮೆ ನೋಡಿದ. ಬಲಗಿವಿ ಒಂದಿಷ್ಟು ಕೆಳಗಿಳಿದಿತ್ತು. ಇಷ್ಟು ದಿನ ಅದು ಅವನಿಗೆ ಕಂಡಿರಲಿಲ್ಲ. ಆಕೆಗೆ ಬಂದ ಗಳಿಗೆಯಲ್ಲೇ ಕಂಡುಹೋಗಿತ್ತು, ಆ ನೋಟ ನೋಡಿದರೆ ಗೊತ್ತಾಗುತ್ತಿತ್ತು. ಕೈ ತಾನಾಗಿ ಕುಂಚದ ಕಡೆ ಹೋಯಿತು. ಆಮೇಲೆ ಆಕೆಯ ಎದುರಿಗೇ ಹೇಗೆ ತಿದ್ದುವುದೆಂದು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕುಂಚವನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತ.