ಫೈರ್‌ಮನ್ನನ ಜಾಗ

ಹ್ಯಾಮ್ ಕೊಯ್ಯುತ್ತ ಕೊಯ್ಯುತ್ತಲೇ ಎಡ್ನಾ ಮತ್ತೊಮ್ಮೆ ಲೆಕ್ಕ ಹಾಕಿದಳು. ಹ್ಯಾಮಿಗೆ ಪೌಂಡು ತೂಕಕ್ಕೆ ಹತ್ತು ಶಿಲ್ಲಿಂಗು. ಅಂದರೆ ಸೋಮವಾರವಷ್ಟೇ ಬಂದ ಹೊಸ ದುಡ್ಡಿನಲ್ಲಿ ಐವತ್ತು ಪೆನ್ಸು; ಹಳೆಯದರಲ್ಲಿ ಕಮ್ಮಿ ಅನ್ನಿಸುತ್ತಿತ್ತು. ಶವಪೆಟ್ಟಿಗೆ ಓಕ್ ಮರದ್ದು ಬೇಡ, ಎಲ್ಮ್ ಸಾಕು ಅಂದಿದ್ದಳು. ಪಾದ್ರಿಗೆ ಇಷ್ಟು, ಗುಂಡಿ ತೋಡುವವರಿಗೆ ಇಷ್ಟು. ಪೆಟ್ಟಿಗೆ ಹೊರುವ ಆರು ಜನಕ್ಕೆ ತಲೆಗೆ ಒಂದೂವರೆ ಪೌಂಡು ಎಂದು ಅಂತ್ಯಕ್ರಿಯೆ ಮಾಡಿಸುವ ಪಿಲ್ಲಿಂಗ್ ಹೇಳಿದ್ದ. ಅದೊಂದನ್ನು ಮಾತ್ರ ಬೇಡವೆಂದಿದ್ದಳು.

"ದುಡ್ಡು ಉಳಿಸೋಕೆ ಬೇರೆ ದಾರಿ ಇರ್ಲಿಲ್ವಾ?" ಅಂದಳು ಮಾರ್ಥಾ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. ಸತ್ತ ವಾಲ್ಟರನ ಅಕ್ಕ ಅವಳು. ನಾಲಿಗೆ ಚೂರಿಗಿಂತ ಹರಿತ.

"ದುಡ್ಡಿಗಲ್ಲ. ರೈಲು ಶೆಡ್ಡಿನ ಡ್ರೈವರನ್ನ ಶೆಡ್ಡಿನೋರೇ ಹೊರಬೇಕು."

"ಹೊರ್ತಾರೆ, ಹೊರ್ತಾರೆ. ಆರು ವರ್ಷ ಅವನ ಮುಖ ನೋಡದೆ ಇದ್ದೋರು ಇವತ್ತು ಹೆಗಲು ಕೊಡ್ತಾರೆ. ಕಾಯ್ತಾ ಇರು."

ಎಡ್ನಾ ಹ್ಯಾಮಿನ ಇನ್ನೊಂದು ಹೋಳು ಕೊಯ್ದಳು. ಮಂಗಳವಾರ ಸಂಜೆ ತಾನೇ ರೈಲ್ವೆಯವರ ಕ್ಲಬ್ಬಿಗೆ ಹೋಗಿ ಬಂದಿದ್ದಳು. ಹೆಂಗಸರು ಕಾಲಿಡದ ಆ ಕೋಣೆಯ ಬಾಗಿಲಲ್ಲಿ ನಿಂತು, ಬೇಡಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಗುರುವಾರ ಹನ್ನೊಂದಕ್ಕೆ, ಮನೆಯಿಂದ ಗುಡ್ಡದ ಚಾಪೆಲ್‌ವರೆಗೆ, ಬರುವವರು ಬನ್ನಿ ಎಂದಳು. ಯಾರೂ ಕೂತಲ್ಲಿಂದ ಏಳಲಿಲ್ಲ. ಒಬ್ಬ ಮಾತ್ರ ಟೋಪಿ ತೆಗೆದಿದ್ದ.

ಮುಂದಿನ ಕೋಣೆಯಲ್ಲಿ ವಾಲ್ಟರ್ ಮಲಗಿದ್ದ. ಶನಿವಾರ ತರಕಾರಿ ತೋಟದಲ್ಲಿ ಲೀಕ್ ಕೀಳುತ್ತಿದ್ದವನು ಹಾಗೇ ಮಂಡಿಯೂರಿ ಕುಸಿದಿದ್ದ. ಪಿಲ್ಲಿಂಗ್ ಅವನ ಮೀಸೆಯನ್ನು ಬ್ಯಾಂಕ್ ಮ್ಯಾನೇಜರನದರಂತೆ ಬಾಚಿಬಿಟ್ಟಿದ್ದ. ಎಡ್ನಾ ಬೆಳಿಗ್ಗೆಯೇ ಅದನ್ನು ಬೆರಳಿಂದ ಕೆದರಿ ಸರಿಮಾಡಿದ್ದಳು.

*

ಆ ಊರಿನ ಶೆಡ್ಡಿನಲ್ಲಿ ಇದ್ದವು ಹೆಚ್ಚಾಗಿ ಏಡಿಗಳು. ಕಾಗದದ ಮೇಲೆ ಆ ಉಗಿ ಇಂಜಿನ್ನುಗಳಿಗೆ ಬೇರೆ ಹೆಸರಿತ್ತು. ಆದರೆ ಮುಂದಿನ ಎರಡು ಸಿಲಿಂಡರುಗಳು ಮೇಲಕ್ಕೆ ಓರೆಯಾಗಿ ನಿಂತು, ಕಾಲು ಮಡಚಿದ ಏಡಿಯಂತೆ ಕಾಣುತ್ತಿದ್ದುದರಿಂದ ದೇಶದ ತುಂಬ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅಂದಕ್ಕೆ ಯಾರೂ ಹೊಗಳಿದ್ದಿಲ್ಲ. ವಾರವೆಲ್ಲ ಕಲ್ಲಿದ್ದಲು ಎಳೆದು, ಗಿರಣಿಗಳಿಗೆ ರಜೆ ಬಂದಾಗ ಊರಿಗೆ ಊರನ್ನೇ ಬ್ಲ್ಯಾಕ್‌ಪೂಲಿನ ಸಮುದ್ರಕ್ಕೆ ಒಯ್ದು, ಬಿಸಿಲಿಗೆ ಕೆಂಪಾದ ಮಕ್ಕಳನ್ನು ವಾಪಸು ತಂದು ಬಿಡುತ್ತಿದ್ದವು. ಏನು ಕೊಟ್ಟರೂ ಎಳೆಯುತ್ತಿದ್ದವು.

ವಾಲ್ಟರ್ ಡ್ರೈವರು. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ನಾರ್ಮನ್ ಹೇಸಲ್‌ಡೆನ್. ಒಂಬತ್ತು ವರ್ಷ ಒಂದೇ ಕ್ಯಾಬಿನಲ್ಲಿ ನಿಂತು ಒಂದೇ ಡಬ್ಬಿಯ ಚಹಾ ಕುಡಿದವರು. ಮನೆಯಲ್ಲಿ ವಾಲ್ಟರ್ ಆಡುವ ಮಾತು ಎಣಿಸಿ ಕೊಟ್ಟ ಹಾಗೆ. ಉಳಿದದ್ದೆಲ್ಲ ನಾರ್ಮನ್ನಿಗೆ ಎಂದು ಎಡ್ನಾ ತಮಾಷೆ ಮಾಡುತ್ತಿದ್ದಳು.

ಡೀಸೆಲ್ ಬಂತು, ಶೆಡ್ಡು ಮುಚ್ಚಿತು. ಕೆಲವರು ದೂರದ ಶೆಡ್ಡುಗಳಿಗೆ ಹೋದರು. ನಾರ್ಮನ್ ಬ್ರೆಡ್ಡಿನ ವ್ಯಾನು ಓಡಿಸತೊಡಗಿದ. ಎಡ್ನಾಳ ತಾಯಿ ಆಗ ಮಾಳಿಗೆಯಲ್ಲಿ ಹಾಸಿಗೆ ಹಿಡಿದಿದ್ದಳು. ಊರು ಬಿಡುವ ಮಾತೇ ಇರಲಿಲ್ಲ. ಅದೇ ಹೊತ್ತಿಗೆ ಕಾಲುವೆಯ ಪಕ್ಕದ ಗುಜರಿ ಅಂಗಳದವರು ಇಂಜಿನ್ನುಗಳನ್ನು ಸಾಲಾಗಿ ಕೊಂಡು ತಂದರು. ಅವುಗಳ ಒಡಲು ಬಲ್ಲವನೊಬ್ಬ, ಗ್ಯಾಸಿನ ಉರಿ ಹಿಡಿದು ಕತ್ತರಿಸಲು ಬೇಕಾಗಿತ್ತು.

ವಾಲ್ಟರ್ ಎರಡು ವಾರ ಗೋಡೆ ನೋಡಿಕೊಂಡು ಕೂತಿದ್ದ. "ಸೇರ್ಕೋ" ಎಂದವಳು ಎಡ್ನಾನೇ. "ನೀನು ಕತ್ತರಿಸದೆ ಇದ್ರೆ ಅವೇನು ಬದುಕ್ಕೊಳ್ತಾವಾ? ಬೇರೆ ಯಾರೋ ಕತ್ತರಿಸ್ತಾನೆ, ಸಂಬಳ ಅವನಿಗೆ ಹೋಗುತ್ತೆ. ಅಮ್ಮನ್ನ ಹೊತ್ಕೊಂಡು ಎಲ್ಲಿಗೆ ಹೋಗೋಣ?"

ಅವನು ಸೇರಿದ. ಆ ಭಾನುವಾರ ಕ್ಲಬ್ಬಿನಲ್ಲಿ ಅವನು ಕೂತ ಮೇಜಿನಿಂದ ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ಎದ್ದವನು ನಾರ್ಮನ್. ಬೈದಿದ್ದರೆ ವಾಲ್ಟರ್ ತಡೆದುಕೊಳ್ಳುತ್ತಿದ್ದ. ನಾರ್ಮನ್ ಏನೂ ಅನ್ನದೆ ತನ್ನ ಬಿಯರ್ ಗ್ಲಾಸು ಎತ್ತಿಕೊಂಡು ಹೋಗಿದ್ದ.

*

ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಮೆಟ್ಟಿಲ ಮೇಲೆ ಫ್ರೆಡ್ ಟ್ಯಾಟರ್‌ಸಾಲ್, ಕ್ಲಬ್ಬಿನಲ್ಲಿ ಟೋಪಿ ತೆಗೆದಿದ್ದವನು. ಅವನ ಹಿಂದೆ ಕಪ್ಪು ಕೋಟಿನ ನಾಲ್ವರು ಹಳೆಯ ಡ್ರೈವರುಗಳು. ಒಬ್ಬನಿಂದ ಬಟ್ಟೆಗೆ ಇಡುವ ನುಸಿಗುಳಿಗೆಯ ವಾಸನೆ ಬರುತ್ತಿತ್ತು.

"ಸಿಟ್ಟು ಹೋಗಿದೆ ಅಂತ ತಿಳ್ಕೋಬೇಡಿ ಮಿಸೆಸ್" ಎಂದ ಫ್ರೆಡ್. "ಶೆಡ್ಡಿನ ಪದ್ಧತಿ ಅಂತ ಬಂದ್ವಿ."

"ನಂಗೂ ಅಷ್ಟೇ ಬೇಕಿರೋದು. ಒಳಗೆ ಬನ್ನಿ, ಚಳಿ."

ಪಿಲ್ಲಿಂಗ್ ತಲೆ ಎಣಿಸಿ ನಿಟ್ಟುಸಿರು ಬಿಟ್ಟ. ಐದೇ ಜನ. ಆರನೆಯವನು ತಾನಾಗುತ್ತೇನೆ, ಹೊತ್ತು ಮೀರುತ್ತಿದೆ ಎಂದ. ಫ್ರೆಡ್ ಆಗದೆಂದು ತಲೆಯಾಡಿಸಿದ. ಡ್ರೈವರನ ತಲೆದೆಸೆಯಲ್ಲಿ ಒಂದು ಬದಿ ಅವನ ಫೈರ್‌ಮನ್ನನದು. ಫೈರ್‌ಮನ್ ಸತ್ತಿದ್ದರೆ ಬೇರೆ ಮಾತು. ಬದುಕಿರುವಾಗ ಆ ಜಾಗದಲ್ಲಿ ಇನ್ನೊಬ್ಬ ನಿಲ್ಲುವಂತಿಲ್ಲ. ಹಾಗೇನಾದರೂ ಆದರೆ ತಾವೂ ಹೊರುವುದಿಲ್ಲ ಎಂದ.

"ಹಾಗಾದ್ರೆ ಮಧ್ಯಾಹ್ನದ ತನಕ ಹೀಗೇ ನಿಂತಿರೋಣ" ಅಂದಳು ಮಾರ್ಥಾ. "ನನ್ನ ತಮ್ಮನಿಗಂತೂ ಅವಸರ ಇಲ್ಲ."

ನಾರ್ಮನ್ ಬಂದೇ ಇಲ್ಲವೆಂದಲ್ಲ, ಬೀದಿಯ ಕೊನೆಯಲ್ಲಿ ರೈಲು ಸೇತುವೆಯ ಕೆಳಗೆ ನಿಂತಿದ್ದಾನೆ, ತಾವು ಕರೆದರೂ ಜಗ್ಗಲಿಲ್ಲ ಎಂದು ಫ್ರೆಡ್ ತಗ್ಗಿದ ದನಿಯಲ್ಲಿ ತಿಳಿಸಿದ. ಎಡ್ನಾ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಟೋಪಿಯಿಲ್ಲದ ತಲೆಯಲ್ಲೇ ಹೊರಟಳು.

*

ನಾರ್ಮನ್ ಕಪ್ಪು ಟೈ ಕಟ್ಟಿದ್ದ. ಅಂದರೆ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಬರುವ ಮನಸ್ಸಿತ್ತು ಎಂದು ಎಡ್ನಾ ತಿಳಿದುಕೊಂಡಳು. ನಲವತ್ತು ದಾಟಿ ಹೊಟ್ಟೆ ಬಂದಿತ್ತು.

"ಬ್ರೆಡ್ಡು ತಿಂದು ತಿಂದು ಉಬ್ಬಿದೀಯ, ಮಗಾ."

ಅವನು ನಗಲಿಲ್ಲ. ಉಳಿದ ಇಂಜಿನ್ನುಗಳನ್ನು ಕತ್ತರಿಸಿದ್ದರ ಸಿಟ್ಟು ತನಗೆ ಎಂದೋ ಆರಿಹೋಗಿದೆ, ಹೊಟ್ಟೆಪಾಡು ಎಲ್ಲರಿಗೂ ಇದೆ ಎಂದ. ಆದರೆ ತಾವಿಬ್ಬರೂ ಒಂಬತ್ತು ವರ್ಷ ದುಡಿದ ಆ ಏಡಿಯನ್ನು ಕೂಡ ವಾಲ್ಟರನೇ ಕತ್ತರಿಸಿದನೆಂದು ಕೇಳಿದ ದಿನದಿಂದ ಅವನ ಹೆಸರೆತ್ತಲು ಆಗುತ್ತಿಲ್ಲ ಎಂದ.

"ಅದೊಂದನ್ನ ಬೇರೆಯವ್ರಿಗೆ ಬಿಡಬಹುದಿತ್ತು, ಮಿಸೆಸ್."

"ಬಿಡಬಹುದಿತ್ತು. ಅದು ನಂಗೇ ಇರ್ಲಿ ಅಂತ ಮೇಸ್ತ್ರಿ ಹತ್ರ ಕೇಳಿ ಇಸ್ಕೊಂಡ. ಬೇರೆಯವ್ರು ಸುತ್ತಿಗೆಯಿಂದ ಶುರು ಮಾಡೋರು. ಗಾಜು, ಗೇಜು, ಎಲ್ಲಾ ಪುಡಿ."

ಮೇಲೆ ಡೀಸೆಲ್ ಗಾಡಿಯೊಂದು ಹಾದುಹೋಗುವವರೆಗೆ ಎಡ್ನಾ ಕಾದಳು. ಆಮೇಲೆ, ಯಾರಿಗೂ ಹೇಳಬೇಡವೆಂದು ವಾಲ್ಟರ್ ಮಾತು ತೆಗೆದುಕೊಂಡಿದ್ದುದನ್ನು ಹೇಳಿದಳು.

ಆ ದಿನ ಅವನು ಊಟ ಮರೆತು ಹೋಗಿದ್ದ. ಬಟ್ಟಲಲ್ಲಿ ಪೈ ಕಟ್ಟಿಕೊಂಡು ಅವಳು ಅಂಗಳಕ್ಕೆ ಹೋದಾಗ ಅವನು ಆ ತಣ್ಣನೆಯ ಇಂಜಿನ್ನಿನ ಮೇಲಿದ್ದ. ಉರಿ ಹಚ್ಚಿರಲಿಲ್ಲ. ಶೆಡ್ಡಿನಲ್ಲಿ ದಿನದ ಕೆಲಸ ಮುಗಿಸಿ ಇಂಜಿನ್ನು ಬಿಟ್ಟು ಇಳಿಯುವಾಗ ಏನೇನು ಮಾಡಬೇಕೋ ಅದನ್ನೆಲ್ಲ ಮಾಡುತ್ತಿದ್ದ. ತುಕ್ಕು ಹಿಡಿದ ತಿರುಗಣೆಯನ್ನು ತಿರುಗಿಸಿ ತಿರುಗಿಸಿ, ಇಂಜಿನ್ನು ಮುಂದಕ್ಕೂ ಹೋಗದ ಹಿಂದಕ್ಕೂ ಹೋಗದ ನಡುವಿಗೆ ತಂದು ನಿಲ್ಲಿಸಿದ. ಸಿಲಿಂಡರಿನ ನೀರಿನ ನಲ್ಲಿಗಳನ್ನು ತೆರೆದ. ಕೆಳಗಿನಿಂದ ಮೇಸ್ತ್ರಿ, ಅದೇನು ಓಡಿಹೋಗುತ್ತದಾ ಮುದುಕ, ಉರಿ ಹಚ್ಚು ಎಂದು ಕೂಗುತ್ತಿದ್ದ. ಎಲ್ಲ ಇಂಜಿನ್ನುಗಳಿಗೂ ಹೀಗೇ, ಇವನಿಂದ ದಿನಕ್ಕೆ ಒಂದು ಗಂಟೆ ದಂಡ ಎಂದು ಅವಳ ಹತ್ತಿರವೂ ಗೊಣಗಿದ್ದ.

"ನಡುವಿಗೆ ತಂದ್ರು, ನಲ್ಲಿ ತೆರೆದ್ರು" ಎಂದ ನಾರ್ಮನ್ ಮೆಲ್ಲಗೆ. "ಮತ್ತೆ ಹ್ಯಾಂಡ್‌ಬ್ರೇಕು?"

"ಅದನ್ನೂ ಬಿಗಿದ. ಆದ್ರೆ ಮೊದ್ಲು ನಿನ್ನ ಬದಿಗೆ ಬಂದು ಸುಮ್ನೆ ನಿಂತ್ಕೊಂಡ. ಯಾರನ್ನೋ ಕಾಯೋ ಥರ. ಆಮೇಲೆ ತಾನೇ ಬಿಗಿದ."

ನಾರ್ಮನ್ ಸೇತುವೆಯ ಗೋಡೆಯ ಕಡೆಗೆ ತಿರುಗಿಕೊಂಡ.

"ಹ್ಯಾಂಡ್‌ಬ್ರೇಕು ನನ್ನ ಕೆಲಸ" ಎಂದ. "ಒಂದಿನಾನೂ ಅವರ ಕೈಲಿ ಮಾಡ್ಸಿಲ್ಲ. ಕರೀಬೇಕಾಗಿತ್ತು ನನ್ನ."

"ಕರೆದಿದ್ರೆ ಬರ್ತಿದ್ಯಾ?"

ಗೋಡೆಗೆ ಮುಖ ಮಾಡಿಕೊಂಡೇ, "ಆಗ ಬರ್ತಿರ್ಲಿಲ್ಲ" ಎಂದ.

"ಅವನನ್ನ ಅಲ್ಲಿಗೆ ಕಳ್ಸಿದ್ದು ನಾನು, ನಾರ್ಮನ್. ಸಿಟ್ಟು ಇದ್ರೆ ನನ್ನ ಮೇಲಿಟ್ಕೋ. ಈಗ ನಡಿ, ಐದು ಜನ ಕಾಯ್ತಾ ನಿಂತಿದಾರೆ."

ಅವಳು ಹಿಂತಿರುಗಿ ನೋಡದೆ ನಡೆದಳು. ಅರ್ಧ ಬೀದಿ ದಾಟಿದ ಮೇಲೆ ಹಿಂದಿನಿಂದ ಬೂಟಿನ ಸಪ್ಪಳ ಕೇಳಿಸಿತು.

*

ನಾರ್ಮನ್ ಯಾರನ್ನೂ ಕೇಳದೆ ತಲೆದೆಸೆಯ ತನ್ನ ಬದಿಯಲ್ಲಿ ನಿಂತ. ಉಳಿದವರು ತಂತಮ್ಮ ಜಾಗಕ್ಕೆ ಸರಿದರು. ಬಾಗಿಲು ಕಿರಿದು, ಪೆಟ್ಟಿಗೆ ಓರೆಮಾಡಬೇಕಾಯಿತು. ಗುಡ್ಡ ಏರುವಾಗ ಫ್ರೆಡ್ಡನಿಗೆ ಉಬ್ಬಸ ಹತ್ತಿ ಎರಡು ಕಡೆ ನಿಂತರು. ಆಗಲೂ ಪೆಟ್ಟಿಗೆ ಕೆಳಗಿಡಲಿಲ್ಲ. ಇಷ್ಟು ನಿಧಾನ ಹೋದರೆ ವಾಲ್ಟರನಿಗೆ ತಡವಾದದ್ದಕ್ಕೆ ವಿವರಣೆ ಕೇಳುತ್ತಾರೆ ಎಂದು ಹಿಂದಿನವನೊಬ್ಬ ಗೊಣಗಿದ. ಮಾರ್ಥಾ ಕೂಡ ನಕ್ಕಳು.

ಪ್ರಾರ್ಥನೆ ಮುಗಿದು ಪೆಟ್ಟಿಗೆ ಇಳಿಸಿದ ಮೇಲೆ ಜನ ಚಹಾ, ಹ್ಯಾಮ್ ಎಂದು ಇಳಿಜಾರಿನತ್ತ ತಿರುಗಿದರು. ಗುಂಡಿ ತೋಡಿದ ಇಬ್ಬರು, ಮನೆಯವರು ಹೋಗಲಿ ಎಂದು ಗೋಡೆಯ ಬಳಿ ಕಾಯುತ್ತಿದ್ದರು. ನಾರ್ಮನ್ ಅವರ ಹತ್ತಿರ ಹೋಗಿ ಏನೋ ಹೇಳಿದ. ಕೋಟು ಬಿಚ್ಚಿ ಎಡ್ನಾಳ ಕೈಗೆ ಕೊಟ್ಟು, ಒಬ್ಬನ ಸಲಿಕೆ ತೆಗೆದುಕೊಂಡ.

ಅವನು ಮಣ್ಣನ್ನು ರಾಶಿ ಸುರಿಯಲಿಲ್ಲ. ಸಲಿಕೆಯ ಮೂತಿಯನ್ನು ಕೊನೆಗಳಿಗೆಯಲ್ಲಿ ಮಣಿಕಟ್ಟಿನಿಂದ ತಿರುಗಿಸಿ, ಮೊದಲು ತನ್ನ ಕಡೆಯ ಎರಡು ಮೂಲೆಗಳಿಗೆ ಬೀಸಿದ. ಆಮೇಲೆ ಎರಡು ಪಕ್ಕಗಳಿಗೆ, ತೆಳ್ಳಗೆ, ಒಂದೇ ಸಮನಾಗಿ.

"ಬೆಂಕಿಗೆ ಕಲ್ಲಿದ್ದಲು ಹಾಕೋ ಹಾಗೇ ಹಾಕ್ತಿದಾನೆ, ಮೊದ್ಲು ಮೂಲೆಗೆ" ಎಂದ ಫ್ರೆಡ್, ಟೋಪಿಯನ್ನು ಕೈಯಲ್ಲೇ ಹಿಡಿದು.

ಎಡ್ನಾ ಕೋಟನ್ನು ತೋಳಿಗೆ ಹಾಕಿಕೊಂಡು ನಿಂತಳು. ಮನೆ ಉಳಿದಿತ್ತು. ತಾಯಿ ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ್ದಳು. ಅದರ ಬೆಲೆಗೆ ವಾಲ್ಟರ್, ನಾರ್ಮನ್ ಇಬ್ಬರ ಆರು ವರ್ಷದ ಮಾತು ಹೋಗಿತ್ತು.

"ಚಹಾ ಆರುತ್ತೆ, ನಾರ್ಮನ್" ಎಂದಳು.

"ಮೂಲೆ ತುಂಬ್ಲಿ, ಮಿಸೆಸ್" ಎಂದ ಅವನು, ತಲೆಯೆತ್ತದೆ.